ಝೆನ್ ಕಾರಿಗೆ ಬೇರೆ ಇಂಜಿನ್: ದಾವಣಗೆರೆಯ ಬೋರ್ಡಿಲ್ಲದ ಗ್ಯಾರೇಜ್ ಬಗ್ಗೆ

ದಾವಣಗೆರೆಯಲ್ಲಿ ಹಳೇ ಮಾರುತಿ ಕಾರು ಇಟ್ಟುಕೊಂಡವರಿಗೆ ಒಂದು ಗ್ಯಾರೇಜ್ ಹೇಳುತ್ತೇನೆ. ಹಳೇ ಪಿ.ಬಿ. ರಸ್ತೆಯಿಂದ ಒಳಗೆ ಹೋದರೆ ಲೇತ್ ಅಂಗಡಿಗಳ ಸಾಲು ಸಿಗುತ್ತದೆ. ಅದರ ಕೊನೆಯಲ್ಲಿದೆ. ಬೋರ್ಡ್ ಇಲ್ಲ. ತಗಡಿನ ಶೆಡ್, ಮುಂದೆ ಒಂದು ಬೇವಿನ ಮರ, ಅದರ ನೆರಳಿನಲ್ಲಿ ಯಾವಾಗಲೂ ಎರಡು ಮೂರು ಹಳೇ ಕಾರು ನಿಂತಿರುತ್ತವೆ. "ಝೆನ್ ಮೇಸ್ತ್ರಿ ಎಲ್ಲಿ" ಎಂದು ಯಾವ ಲೇತ್‌ನಲ್ಲಿ ಕೇಳಿದರೂ ಕೈ ತೋರಿಸುತ್ತಾರೆ. ಹೆಸರು, ಫೋನ್ ನಂಬರ್ ಹಾಕಬೇಡಿ ಎಂದು ಅವರೇ ಹೇಳಿದ್ದಾರೆ. ಕೈಯಲ್ಲಿರುವ ಕೆಲಸವೇ ಜಾಸ್ತಿ ಅಂತೆ. ಹಾಗಾಗಿ ಇಷ್ಟೇ ಗುರುತು.

ನಾನು ಅಲ್ಲಿಗೆ ಹೋಗಿದ್ದು ಇಂಜಿನ್ ಬದಲಿಸುವುದಕ್ಕೆ. ಬದಲಾಯಿತು, ಚೆನ್ನಾಗಿಯೂ ಓಡುತ್ತಿದೆ. ಆದರೆ ಇಷ್ಟು ಉದ್ದ ಬರೆಯಬೇಕು ಅನ್ನಿಸಿದ್ದು ಇಂಜಿನ್ ಕೂರಿಸಿದ ಕೆಲಸ ನೋಡಿ ಅಲ್ಲ, ಕೂರಿಸುವ ಮುಂಚೆ ಮೇಸ್ತ್ರಿ ಹಾಕಿದ ಲೆಕ್ಕ ನೋಡಿ. ಸ್ಪ್ಯಾನರ್ ಹಿಡಿಯುವ ಮುಂಚೆ ಅಳತೆ ಮಾಡಿ, ಬರೆದುಕೊಟ್ಟು, ಬೇಡ ಎನ್ನಬೇಕಾದ ಕಡೆ ಬೇಡ ಎಂದು ಹೇಳುವ ಗ್ಯಾರೇಜ್ ನಮ್ಮ ಊರಲ್ಲಿದೆ ಎನ್ನುವುದು ನಾಲ್ಕು ಜನಕ್ಕೆ ಗೊತ್ತಾಗಲಿ.

ನಮ್ಮದು 2003ರ ಝೆನ್, ಎಂಪಿಎಫ್‌ಐ ಮಾಡೆಲ್, ಅಂದರೆ ಇಂಜೆಕ್ಟರ್‌ನಿಂದ ಪೆಟ್ರೋಲ್ ಚಿಮ್ಮಿಸುವ ಇಂಜಿನ್. ಅಪ್ಪಾಜಿ ಹೊಸದಾಗಿ ತೆಗೆದುಕೊಂಡಿದ್ದು. ಈಗ ಅವರಿಗೆ ಡ್ರೈವಿಂಗ್ ಆಗುವುದಿಲ್ಲ, ನಾನು ಓಡಿಸುತ್ತೇನೆ. ಭರಮಸಾಗರದ ಕಡೆ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ವಿದ್ಯಾನಗರದ ಮನೆಯಿಂದ ಹೊರಟು ಹೆದ್ದಾರಿ ಹಿಡಿದರೆ ಹೋಗಿಬರುವುದೆಲ್ಲ ಇದೇ ಕಾರಿನಲ್ಲಿ. ಕಳೆದ ಬೇಸಿಗೆಯಲ್ಲಿ ಅನಗೋಡು ದಾಟಿದ ಮೇಲೆ ರೇಡಿಯೇಟರ್ ಹೋಸ್ ಒಡೆಯಿತು. ಇಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಗಿದ್ದು ಕಂಡ ತಕ್ಷಣ ಬದಿಗೆ ಹಾಕಿ ಆಫ್ ಮಾಡಿದೆ, ಅಷ್ಟರಲ್ಲಿ ನೀರೆಲ್ಲ ಖಾಲಿ. ಈ ಝೆನ್ ಇಂಜಿನ್ ಪೂರಾ ಅಲ್ಯೂಮಿನಿಯಂ. ತೂಕ ಕಡಿಮೆ, ಕಾರಿನ ಚುರುಕಿಗೆ ಅದೂ ಒಂದು ಕಾರಣ. ಆದರೆ ನೀರಿಲ್ಲದೆ ಕಾದರೆ ಹೆಡ್, ಅಂದರೆ ಸಿಲಿಂಡರ್‌ಗಳ ಮೇಲೆ ಮುಚ್ಚಳದ ಹಾಗೆ ಕೂರುವ ಭಾಗ, ಬೇಗ ಸೊಟ್ಟಗಾಗುತ್ತದೆ. ಎರಡನೇ ದಿನ ಆಯಿಲ್ ಕ್ಯಾಪ್ ತೆಗೆದು ನೋಡಿದರೆ ಒಳಗೆ ಕಾಫಿ ಬಣ್ಣದ ನೊರೆ. ಆಯಿಲ್‌ಗೆ ನೀರು ಸೇರಿತ್ತು.

ಮೊದಲು ಕಾರು ಎಳೆದು ತಂದಿದ್ದು ಬೇರೆ ಒಂದು ಗ್ಯಾರೇಜಿಗೆ. ಬಾನೆಟ್ ಎತ್ತಿ ಅರ್ಧ ನಿಮಿಷ ನೋಡಿದರು. "ಇದು ಮುಗೀತು ಮೇಡಂ. ಎಸ್ಟೀಮ್ ಇಂಜಿನ್ ಒಂದು ಇದೆ, ಹಾಕ್ಬಿಡೋಣ. ಬಾಣದ ಥರ ಹೋಗುತ್ತೆ. ಆರ್‌ಟಿಒ ಎಲ್ಲ ನಾನು ನೋಡ್ಕೋತೀನಿ" ಅಂದರು. ಒಂದು ಅಳತೆ ತೆಗೆಯಲಿಲ್ಲ, ಒಂದು ಪ್ಲಗ್ ಬಿಚ್ಚಲಿಲ್ಲ. ಅಣ್ಣನ ಮಗ ಪಕ್ಕದಲ್ಲೇ ಇದ್ದ, ಅವನಿಗೆ ಖುಷಿಯೋ ಖುಷಿ. ನನಗೂ ಆಸೆ ಆಗಿದ್ದು ನಿಜ. ಹೆದ್ದಾರಿಯಲ್ಲಿ ಲಾರಿ ದಾಟಿಸುವಾಗ ಇನ್ನೊಂದಿಷ್ಟು ಎಳೆತ ಇದ್ದರೆ ಒಳ್ಳೆಯದು ಎಂದು ಝೆನ್ ಓಡಿಸುವ ಯಾರಿಗೂ ಅನ್ನಿಸಿರುತ್ತದೆ. ಆದರೆ ಅಳೆಯದೆ "ಮುಗೀತು" ಎಂದಿದ್ದು ಮನಸ್ಸಿಗೆ ಒಗ್ಗಲಿಲ್ಲ. ಸ್ಟಾಫ್ ರೂಮಿನಲ್ಲಿ ವಿಷಯ ಬಂದಾಗ ಸಹೋದ್ಯೋಗಿಯೊಬ್ಬರು ಈ ಮೇಸ್ತ್ರಿ ಬಗ್ಗೆ ಹೇಳಿದರು.

ಮೇಸ್ತ್ರಿಗೆ ಅರವತ್ತರ ಹತ್ತಿರ ವಯಸ್ಸು. ಮಾತು ಕಡಿಮೆ. ಮಗ ಜೊತೆಗೆ ಕೆಲಸ ಮಾಡುತ್ತಾನೆ. ಮೊದಲ ಮಾತಿಗೇ ಅವರು, "ನೋಡೋಕೆ ಸಾವಿರ ರೂಪಾಯಿ ಆಗ್ತದ್ರೀ ಮೇಡಂ. ಕೆಲಸ ನನಗೇ ಕೊಡಬೇಕು ಅಂತೇನಿಲ್ಲ. ಬರೆದು ಕೊಡ್ತೀನಿ, ಯಾರತ್ರ ಬೇಕಾದ್ರೂ ಮಾಡಿಸ್ಕೊಳ್ರಿ" ಎಂದರು. ನೋಡುವುದಕ್ಕೇ ದುಡ್ಡು ಕೇಳುವುದು ನಮ್ಮ ಕಡೆ ಅಪರೂಪ. ಅಪ್ಪಾಜಿಗೆ ಇದು ಸರಿ ಬರಲಿಲ್ಲ. ನನಗೆ ಮಾತ್ರ ಈ ಸಾವಿರವೇ ಇಡೀ ಕೆಲಸದಲ್ಲಿ ಚೆನ್ನಾಗಿ ಖರ್ಚಾದ ದುಡ್ಡು.

ಅವರು ಮೊದಲು ಮಾಡಿದ್ದು ಕಂಪ್ರೆಷನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರ್ ಒಳಗೆ ಗಾಳಿಯ ಒತ್ತಡ ಎಷ್ಟು ಏರುತ್ತದೆ ಎಂದು ಅಳೆಯುವುದು. ನಾಲ್ಕೂ ಪ್ಲಗ್ ಬಿಚ್ಚಿ, ಪೆಟ್ರೋಲ್ ಹೋಗದ ಹಾಗೆ ಪಂಪ್ ಫ್ಯೂಸ್ ತೆಗೆದರು. ಮಗ ಆಕ್ಸಿಲರೇಟರ್ ಪೂರಾ ಒತ್ತಿ ಹಿಡಿದು ಸ್ಟಾರ್ಟರ್ ತಿರುಗಿಸಿದ. ಪ್ಲಗ್ ತೂತಿಗೆ ಗೇಜ್ ಸಿಕ್ಕಿಸಿ ಒಂದೊಂದೇ ಸಿಲಿಂಡರ್ ಓದಿ ನನ್ನ ಮುಂದೆಯೇ ಸೀಮೆಸುಣ್ಣದಲ್ಲಿ ಫೆಂಡರ್ ಮೇಲೆ ಬರೆದರು: 160, 85, 90, 155. ಒತ್ತಡ ಅಳೆಯುವ ಪಿಎಸ್‌ಐ ಲೆಕ್ಕ. ಆಮೇಲೆ ಪ್ರತಿ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅದೇ ಪರೀಕ್ಷೆ. ಒಂದು ಮತ್ತು ನಾಲ್ಕು ಸ್ವಲ್ಪ ಏರಿದವು. ಎರಡು, ಮೂರು ಅಲ್ಲೇ ನಿಂತವು.

ಇದರ ಅರ್ಥ ಅವರು ಹೇಳಿದ ರೀತಿ ನಾನು ತರಗತಿಯಲ್ಲಿ ಹೇಳುವುದಕ್ಕಿಂತ ಸ್ಪಷ್ಟವಾಗಿತ್ತು. ಆಯಿಲ್ ಬಿಟ್ಟಾಗ ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ ಎಂದು ಅರ್ಥ, ಏಕೆಂದರೆ ಆ ಆಯಿಲ್ ರಿಂಗ್ ಸಂದನ್ನು ಸ್ವಲ್ಪ ಹೊತ್ತು ಮುಚ್ಚುತ್ತದೆ. ಏರದಿದ್ದರೆ ಗಾಳಿ ಮೇಲಿನಿಂದ ಹೋಗುತ್ತಿದೆ, ವಾಲ್ವ್‌ನಿಂದಲೋ ಗ್ಯಾಸ್ಕೆಟ್‌ನಿಂದಲೋ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ಇದ್ದರೆ ಹೆಚ್ಚಾಗಿ ಅವೆರಡರ ನಡುವೆ ಹೆಡ್ ಗ್ಯಾಸ್ಕೆಟ್ (ಹೆಡ್ ಮತ್ತು ಬ್ಲಾಕ್ ನಡುವಿನ ಸಂದು ಮುಚ್ಚುವ ಹಾಳೆ) ಸುಟ್ಟಿರುತ್ತದೆ. ಹೆಡ್ ಬಿಚ್ಚಿದಾಗ ಹಾಗೇ ಆಗಿತ್ತು. ಎರಡು ಮೂರರ ನಡುವೆ ಗ್ಯಾಸ್ಕೆಟ್ ಕಪ್ಪಾಗಿ ತಿಂದುಹೋಗಿತ್ತು. ಹೆಡ್ ಎಷ್ಟು ಸೊಟ್ಟಗಾಗಿದೆ ಎಂದು ನೋಡಲು ಅದರ ಮೇಲೆ ಉಕ್ಕಿನ ಪಟ್ಟಿ ಇಟ್ಟು, ಸಂದು ಅಳೆಯುವ ಎಲೆಗಳಿರುವ ಫೀಲರ್ ಗೇಜ್ ತೂರಿಸಿದರು. ದಪ್ಪ ಎಲೆಯೇ ಸಲೀಸಾಗಿ ಹೋಯಿತು. ಮೂರನೇ ಬೋರ್‌ನಲ್ಲಿ, ಅಂದರೆ ಪಿಸ್ಟನ್ ಓಡಾಡುವ ಕೊಳವೆಯ ಒಳಗೋಡೆಯಲ್ಲಿ, ಉಗುರಿಗೆ ಸಿಗುವಂಥ ಗೀರು. ನನ್ನ ಬೆರಳನ್ನೂ ಅಲ್ಲಿ ಆಡಿಸಿ ನೋಡಿ ಎಂದರು. ನೋಡಿದೆ. ನಂಬಿಕೆ ಬರುವುದು ಹೀಗೆ ತೋರಿಸಿದಾಗಲೇ ಅಲ್ವಾ?

ಆ ದಿನ ಸಂಜೆ ಅವರು ಕೊಟ್ಟ ಕಾಗದ ಇನ್ನೂ ನನ್ನ ಹತ್ತಿರ ಇದೆ. ಶಾಲೆ ಮಕ್ಕಳ ನೂರು ಪುಟದ ನೋಟ್‌ಬುಕ್ಕಿನಿಂದ ಹರಿದ ಎರಡು ಹಾಳೆ, ನಡುವೆ ಕಾರ್ಬನ್ ಇಟ್ಟು ಬರೆದಿದ್ದು. ಒಂದು ನನಗೆ, ಒಂದು ಅವರಿಗೆ. ಮೂರು ದಾರಿ ಬರೆದಿದ್ದರು. ಇರುವ ಇಂಜಿನ್ನೇ ಬೋರ್ ಮಾಡಿಸಿ (ಗೀರು ಹೋಗುವ ಹಾಗೆ ಕೊಳವೆಯನ್ನು ಸ್ವಲ್ಪ ಅಗಲ ಮಾಡಿಸಿ) ಕಟ್ಟುವುದು. ಅದೇ 993 ಸಿಸಿ ಇಂಜಿನ್ ಬೇರೆ ತಂದು ಹಾಕುವುದು. ಎಸ್ಟೀಮ್‌ನ 1298 ಸಿಸಿ ಹಾಕುವುದು. ಪ್ರತಿಯೊಂದರ ಮುಂದೆ ಏನೇನು ಸಾಮಾನು ಬೇಕು, ಯಾವುದು ಊರಲ್ಲೇ ಸಿಗುತ್ತದೆ, ಯಾವುದಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೇಳಬೇಕು, ಅಂದಾಜು ಎಷ್ಟು. ಕೊನೆಗೆ ಒಂದು ಸಾಲಿನಲ್ಲಿ "ಕಾಗದಪತ್ರ" ಎಂದು ಬರೆದು ಅಡಿಗೆರೆ ಎಳೆದಿದ್ದರು.

ನಾನು ನೇರ ಮೂರನೆಯದಕ್ಕೆ ಬಂದೆ. ಎಸ್ಟೀಮ್ ಇಂಜಿನ್ ಇದಕ್ಕೆ ಕೂರುತ್ತದೆಯಾ? ಅವರ ಉತ್ತರ: "ಕೂರ್ತದ್ರೀ. ನಾನೇ ಹಿಂದೆ ಹಾಕೀನಿ. ಕೂರೋದು ದೊಡ್ಡ ವಿಷಯ ಅಲ್ಲ."

ಈ ಎರಡೂ ಇಂಜಿನ್ ಸುಜುಕಿಯ ಒಂದೇ ಕುಟುಂಬದವು. ಜಿ ಸರಣಿ. ಝೆನ್‌ನದು ಬೋರ್, ಅಂದರೆ ಕೊಳವೆಯ ಅಗಲ, 72 ಮಿ.ಮೀ., ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ಉದ್ದ, 61. ಎಸ್ಟೀಮ್‌ನದು ಬೋರ್ 74, ಸ್ಟ್ರೋಕ್ 75.5. ಗುಣಿಸಿ ನೋಡಿದರೆ ನಾಲ್ಕು ಸಿಲಿಂಡರಿಗೆ 993 ಮತ್ತು 1298 ಸಿಸಿ ಸರಿಯಾಗಿ ಬರುತ್ತದೆ. ಬೋರ್‌ನಲ್ಲಿ ಹೆಚ್ಚು ಅಂತರ ಇಲ್ಲ, ಅಂತರ ಎಲ್ಲ ಪಿಸ್ಟನ್ ಓಡಾಡುವ ಉದ್ದದಲ್ಲಿ. ಝೆನ್ ಇಂಜಿನ್ ಜಾಸ್ತಿ ತಿರುಗಿಸಿದರೆ ಖುಷಿಯಾಗಿ ಹೋಗುವುದಕ್ಕೆ ಈ ಗಿಡ್ಡ ಸ್ಟ್ರೋಕ್ ಕಾರಣ. ಎಸ್ಟೀಮ್‌ಗೆ ಕಡಿಮೆ ವೇಗದಲ್ಲೂ ಎಳೆತ ಸಿಗುವುದಕ್ಕೆ ದೊಡ್ಡ ಅಳತೆ, ಉದ್ದ ಸ್ಟ್ರೋಕ್ ಕಾರಣ. ಶಕ್ತಿಯ ಲೆಕ್ಕದಲ್ಲಿ ಎಂಪಿಎಫ್‌ಐ ಝೆನ್ ಸುಮಾರು 60 ಬಿಎಚ್‌ಪಿ, 16 ವಾಲ್ವ್‌ನ ಎಸ್ಟೀಮ್ 85. ಎಂಟುನೂರು ಕೆ.ಜಿ. ಒಳಗಿನ ಕಾರಿಗೆ ಇದು ದೊಡ್ಡ ಏರಿಕೆಯೇ. ಅದಕ್ಕೇ ಹುಡುಗರಿಗೆ ಇದರ ಮೇಲೆ ಇಷ್ಟು ಆಸೆ.

ಆದರೆ ಇಂಜಿನ್ ಒಂದೇ ಬರುವುದಿಲ್ಲ. ಎಂಪಿಎಫ್‌ಐ ಆದ್ದರಿಂದ ಅದರ ಇಸಿಎಂ (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಸೆನ್ಸರ್, ವೈರಿಂಗ್ ಎಲ್ಲ ಜೊತೆಗೆ ಬರಬೇಕು. ಹಳೇ ಎಸ್ಟೀಮ್ ಕಾರಿನ ವೈರಿಂಗ್ ಕತ್ತರಿಸದೆ, ಟೇಪ್ ಸುತ್ತದೆ ಪೂರ್ತಿ ಸಿಗುವುದು ಕಷ್ಟ. ಮೌಂಟ್ ಹೊಂದಿಸಬೇಕು, ಬಾನೆಟ್ ಕೆಳಗೆ ಎತ್ತರ ನೋಡಬೇಕು, ಸೈಲೆನ್ಸರ್ ಪೈಪ್ ಹೊಸದಾಗಿ ಬಗ್ಗಿಸಬೇಕು. ಝೆನ್ ರೇಡಿಯೇಟರ್ ಇದಕ್ಕೆ ಸಾಲದು. ನಮ್ಮ ಬೇಸಿಗೆಯಲ್ಲಂತೂ ಸಾಲುವುದೇ ಇಲ್ಲ. ಗೇರ್‌ಬಾಕ್ಸ್, ಆಕ್ಸಲ್ ಶಾಫ್ಟ್ ಮಾಡಿರುವುದು 60 ಬಿಎಚ್‌ಪಿ ಲೆಕ್ಕದಲ್ಲಿ. ಇಷ್ಟೆಲ್ಲ ಆದ ಮೇಲೆ ಅವರು ಮುಂದಿನ ಚಕ್ರದ ಹತ್ತಿರ ಕೂತು ಬ್ರೇಕ್ ಡಿಸ್ಕ್ ತೋರಿಸಿದರು. "ಇಂಜಿನ್ ಬದಲಿಸೋರು ನಿಲ್ಲಿಸೋದನ್ನ ಮರೀತಾರೆ" ಎಂದರು. ಡಿಸ್ಕ್, ಕ್ಯಾಲಿಪರ್, ಹಿಂದಿನ ಡ್ರಮ್, ಟೈರ್, ಸಸ್ಪೆನ್ಷನ್ ಎಲ್ಲದಕ್ಕೂ ಕೈ ಹಾಕಬೇಕು. ಇಲ್ಲದಿದ್ದರೆ ಹೆದ್ದಾರಿಯಲ್ಲಿ ಅದನ್ನು ಓಡಿಸಬಾರದು. ಬ್ರೇಕಿನ ವಿಷಯ ಮೊದಲ ಗ್ಯಾರೇಜಿನಲ್ಲಿ ಯಾರೂ ಎತ್ತಿರಲೇ ಇಲ್ಲ.

ಆಮೇಲೆ ಅಡಿಗೆರೆ ಎಳೆದ ಸಾಲು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿ ಇರುವ ವಿವರ ಕಂಪನಿ ಮೂಲತಃ ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಕಾರನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಎತ್ತಿಹಿಡಿಯಿತು. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿ ಥರ ಇಂಧನ ಬದಲಿಸಲು ಒಪ್ಪಿಗೆ ಪಡೆದ ಕಿಟ್ ಹಾಕಿಸುವುದಕ್ಕೆ ಕಾಯ್ದೆಯಲ್ಲೇ ದಾರಿ ಇದೆ. ಸಿಸಿ ಜಾಸ್ತಿ ಮಾಡುವುದು ಬೇರೆಯೇ ಕಥೆ. 2019ರ ತಿದ್ದುಪಡಿ ಆದ ಮೇಲೆ ಅನುಮತಿ ಇಲ್ಲದೆ ಬದಲಾವಣೆ ಮಾಡಿದ ಮಾಲೀಕರಿಗೆ, ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ದಂಡ ಬೀಳುವುದು ಮಾಲೀಕರಿಗೆ ಎನ್ನುವುದನ್ನು ಗಮನಿಸಿ. "ನಾನು ನೋಡ್ಕೋತೀನಿ" ಎಂದ ಗ್ಯಾರೇಜಿನವರ ಹೆಸರು ಆರ್‌ಸಿಯಲ್ಲಿ ಇರುವುದಿಲ್ಲ.

ನನಗೆ ಅದಕ್ಕಿಂತ ದೊಡ್ಡದಾಗಿ ಕಂಡಿದ್ದು ಇನ್ಶೂರೆನ್ಸ್. ಪಾಲಿಸಿಯಲ್ಲಿ ಇಂಜಿನ್ ನಂಬರ್ ಇರುತ್ತದೆ, ಸಿಸಿ ಇರುತ್ತದೆ. ಥರ್ಡ್ ಪಾರ್ಟಿ ಪ್ರೀಮಿಯಂ ಸಿಸಿ ನೋಡಿಯೇ ಕಟ್ಟಿಸಿಕೊಳ್ಳುತ್ತಾರೆ. 2022ರ ಜೂನ್‌ನಿಂದ ಜಾರಿಗೆ ಬಂದ ದರದಲ್ಲಿ 1000 ಸಿಸಿ ಒಳಗಿನ ಖಾಸಗಿ ಕಾರಿಗೆ 2,094 ರೂಪಾಯಿ, 1000ದಿಂದ 1500 ಸಿಸಿವರೆಗೆ 3,416. 993ಕ್ಕೆ ದುಡ್ಡು ಕಟ್ಟಿ 1298 ಓಡಿಸುತ್ತಿರುವಾಗ ಯಾರಿಗಾದರೂ ಗುದ್ದಿದರೆ? ಹೆದ್ದಾರಿ ಪಕ್ಕದ ಊರುಗಳಲ್ಲಿ ಮಕ್ಕಳು ಸೈಕಲ್ ತಳ್ಳಿಕೊಂಡು ರಸ್ತೆ ದಾಟುವುದನ್ನು ನಾನು ದಿನಾ ನೋಡುತ್ತೇನೆ. ನನ್ನ ಆಸೆ ಅಲ್ಲಿಗೇ ಮುಗಿಯಿತು. ಅಣ್ಣನ ಮಗ ಮುಖ ಸಣ್ಣ ಮಾಡಿಕೊಂಡ, ಆದರೆ ಬ್ರೇಕ್ ಡಿಸ್ಕ್ ಅವನೂ ನೋಡಿದ್ದ.

ಮೊದಲನೇ ದಾರಿ, ಅಂದರೆ ಇರುವ ಇಂಜಿನ್ನೇ ಕಟ್ಟುವುದು, ನನಗೆ ಇಷ್ಟವಿತ್ತು. ಅಪ್ಪಾಜಿ ಕಾಲದ ಇಂಜಿನ್ ಅಲ್ವಾ. ಆದರೆ ಹೆಡ್ ಆ ಮಟ್ಟಕ್ಕೆ ಸೊಟ್ಟಗಾಗಿದೆ, ಬೋರ್ ಗೀರಿದೆ. ಝೆನ್ ತಯಾರಿಕೆ ನಿಂತಿದ್ದೇ 2006ರಲ್ಲಿ. ಅಗಲ ಮಾಡಿದ ಬೋರ್‌ಗೆ ಹೊಂದುವ ಒಳ್ಳೆಯ ಓವರ್‌ಸೈಜ್ ಪಿಸ್ಟನ್ ಸೆಟ್ ಹುಡುಕಿಕೊಂಡು ಕೂರಬೇಕು, ಸಿಕ್ಕಿದ್ದು ಅಸಲಿಯೋ ನಕಲಿಯೋ ಎಂದು ಯೋಚನೆ ಮಾಡಬೇಕು. ಮೇಸ್ತ್ರಿ ಎರಡನೇ ದಾರಿಯ ಪಕ್ಕದಲ್ಲಿ ಸಣ್ಣ ಟಿಕ್ ಹಾಕಿದ್ದರು. ಅದೇ ಕಂಪನಿ, ಅದೇ ಮಾದರಿ, ಅದೇ ಸಿಸಿ. ಆರ್‌ಟಿಒದಿಂದ ಮೊದಲೇ ಒಪ್ಪಿಗೆ ತೆಗೆದುಕೊಂಡು ಮಾಡಿಸಿದರೆ ಕಾರು ಕಾನೂನಿನ ಒಳಗೇ ಇರುತ್ತದೆ.

ಇಂಜಿನ್ ಸಿಕ್ಕಿದ್ದು ಚಿತ್ರದುರ್ಗದಲ್ಲಿ, ಹೊಳಲ್ಕೆರೆ ರಸ್ತೆ ಕಡೆ. ಕೆಎ-16 ನಂಬರಿನ ಝೆನ್. ಹಿಂದಿನಿಂದ ಲಾರಿ ಗುದ್ದಿ ಡಿಕ್ಕಿ, ಹಿಂದಿನ ಸೀಟು ಎಲ್ಲ ಒಳಗೆ ಬಂದಿತ್ತು. ಮುಂಭಾಗ ಹಾಗೇ ಇತ್ತು. ಮಾಲೀಕರು ಆರ್‌ಸಿ ರದ್ದು ಮಾಡಿಸಿ ಕಾರು ಬಿಡಿಭಾಗಕ್ಕೆ ಕೊಡುತ್ತಿದ್ದರು. ಮೇಸ್ತ್ರಿ ಒಂದು ಷರತ್ತು ಹಾಕಿದರು. ಕಾರಿನಲ್ಲಿ ಇರುವಾಗಲೇ ಇಂಜಿನ್ ನೋಡಬೇಕು. ಬಿಚ್ಚಿ ಗುಜರಿಯಲ್ಲಿ ಸಾಲಾಗಿ ಇಟ್ಟಿದ್ದನ್ನು ಅವರು ತೆಗೆದುಕೊಳ್ಳುವುದೇ ಇಲ್ಲ. ಬಿಚ್ಚಿಟ್ಟಿದ್ದಕ್ಕೆ ಪೂರ್ವಾಪರ ಗೊತ್ತಾಗುವುದಿಲ್ಲ, ತಣ್ಣಗಿರುವಾಗ ಹೇಗೆ ಸ್ಟಾರ್ಟ್ ಆಗುತ್ತದೆ ಎನ್ನುವುದೂ ಕೇಳಿಸುವುದಿಲ್ಲ.

ಅಲ್ಲಿ ಅವರು ಮಾಡಿದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಹಳೇ ಇಂಜಿನ್ ಕೊಳ್ಳುವ ಯಾರಿಗಾದರೂ ಬೇಕಾಗುತ್ತದೆ. ಮೊದಲು ಬಾನೆಟ್ ಮೇಲೆ ಕೈ ಇಟ್ಟರು. ಯಾರಾದರೂ ಮುಂಚೆಯೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಗೊತ್ತಾಗಲಿ ಎಂದು. ಆಯಿಲ್ ಕ್ಯಾಪ್ ತಿರುಗಿಸಿ ಒಳಭಾಗ ಬೆರಳಿನಿಂದ ಒರೆಸಿದರು, ನೊರೆ ಇಲ್ಲ. ರೇಡಿಯೇಟರ್ ನೀರಿನಲ್ಲಿ ಆಯಿಲ್ ತೇಲುತ್ತಿಲ್ಲ, ತುಕ್ಕಿನ ಬಣ್ಣವೂ ಇಲ್ಲ, ಹಸಿರು ಕೂಲೆಂಟ್ ಇನ್ನೂ ಹಸಿರಾಗಿಯೇ ಇದೆ. ಸುಮ್ನೆ ಬೋರ್‌ವೆಲ್ ನೀರು ಹಾಕಿ ಓಡಿಸಿದ ಕಾರಾಗಿದ್ದರೆ ಅಲ್ಯೂಮಿನಿಯಂ ಒಳಗಿನಿಂದ ತಿಂದುಹೋಗಿರುತ್ತದೆ ಎಂದರು. ನಮ್ಮ ಜಿಲ್ಲೆಯ ಗಡಸು ನೀರಿಗೆ ಈ ಮಾತು ಬಹಳ ಮುಖ್ಯ. ಆಮೇಲೆ ಸ್ಟಾರ್ಟ್ ಮಾಡಿ, ಹಿಂದೆ ಹೋಗಿ ಹೊಗೆ ನೋಡಿ, ಕ್ಲಚ್ ಒತ್ತಿ ಬಿಟ್ಟು ಸದ್ದು ಕೇಳಿ, ಬಿಸಿಯಾದ ಮೇಲೆ ಆಫ್ ಮಾಡಿ ಗೇಜ್ ಹಾಕಿದರು. ನಾಲ್ಕೂ ಸಿಲಿಂಡರ್ 170 ದಾಟಿದವು, ಒಂದಕ್ಕೊಂದು ಬಹಳ ಹತ್ತಿರ. ಎಷ್ಟು ಬಂತು ಎನ್ನುವುದರಷ್ಟೇ ನಾಲ್ಕೂ ಸಮ ಇದೆಯಾ ಎನ್ನುವುದೂ ಮುಖ್ಯ.

ಕೊನೆಗೆ ಇಂಜಿನ್ ನಂಬರ್. ಬ್ಲಾಕ್ ಮೇಲಿನ ಜಿಡ್ಡನ್ನು ಬಟ್ಟೆಯಲ್ಲಿ ಒರೆಸಿ, ಸೀಮೆಎಣ್ಣೆ ಹಚ್ಚಿ ಉಜ್ಜಿ, ತೆಳು ಕಾಗದ ಇಟ್ಟು ಪೆನ್ಸಿಲ್ ಅಡ್ಡ ಹಿಡಿದು ಮೆಲ್ಲಗೆ ತಿಕ್ಕಿದರು. ಅಂಕಿ ಒಂದೊಂದೇ ಬಿಳಿಯಾಗಿ ಎದ್ದು ಬಂತು. ಅದನ್ನು ರದ್ದಾದ ಆರ್‌ಸಿ ಪಕ್ಕದಲ್ಲಿಟ್ಟು ಅಂಕಿಗೆ ಅಂಕಿ ಹೋಲಿಸಿದರು. ಅಕ್ಷರದ ಸುತ್ತ ಗ್ರೈಂಡರ್ ಗೀರು ಇದ್ದರೆ, ಅಂಕಿ ಒಂದು ಮೇಲೆ ಒಂದು ಕೆಳಗೆ ಕೂತಿದ್ದರೆ, ಪುಕ್ಕಟೆ ಕೊಟ್ಟರೂ ಬೇಡ ಎಂದರು. ಕದ್ದ ಕಾರಿನ ಇಂಜಿನ್ ಆಗಿದ್ದರೆ ಪೊಲೀಸರು ಬರುವುದು ಈಗ ಇಟ್ಟುಕೊಂಡವರ ಮನೆಗೆ. ಮಾಲೀಕರಿಂದ ಮಾರಾಟದ ಚೀಟಿ, ಗುರುತಿನ ಚೀಟಿಯ ನಕಲು, ಆರ್‌ಸಿ ರದ್ದಾದ ಪತ್ರದ ನಕಲು ಎಲ್ಲ ಪಡೆದ ಮೇಲೆಯೇ ದುಡ್ಡು ಕೊಡಿಸಿದರು. ಇಪ್ಪತ್ತು ಸಾವಿರದ ಮೇಲೆ ಸ್ವಲ್ಪ ಆಯಿತು. ಚೌಕಾಸಿಯನ್ನು ಅವರೇ ಮಾಡಿದರು, ಕಮಿಷನ್ ಕೇಳಲಿಲ್ಲ. ಪೆಟ್ರೋಲ್ ಮತ್ತು ಊಟದ ಖರ್ಚು ಮಾತ್ರ ನನ್ನದು.

ಆರ್‌ಟಿಒ ಕೆಲಸ ನಾನೇ ಮಾಡಿದೆ. ಇಂಜಿನ್ ಬಿಚ್ಚುವ ಮುಂಚೆಯೇ ಅರ್ಜಿ. ಜೊತೆಗೆ ನಮ್ಮ ಆರ್‌ಸಿ, ಇನ್ಶೂರೆನ್ಸ್, ಹೊಗೆ ತಪಾಸಣೆ ಪತ್ರ, ಹೊಸ ಇಂಜಿನ್ನಿನ ಎಲ್ಲ ಕಾಗದ. ಒಪ್ಪಿಗೆ ಬಂದ ಮೇಲೆಯೇ ಮೇಸ್ತ್ರಿ ಕೆಲಸಕ್ಕೆ ಕೈ ಹಾಕಿದ್ದು. ಅಲ್ಲಿಯವರೆಗೆ ಕಾರು ಬೇವಿನ ಮರದ ಕೆಳಗೇ ಇತ್ತು, ಬಾಡಿಗೆ ಕೇಳಲಿಲ್ಲ. ಇಂಜಿನ್ ಬದಲಾದ ಮೇಲೆ ಹದಿನಾಲ್ಕು ದಿನದ ಒಳಗೆ ಆರ್‌ಟಿಒಗೆ ತಿಳಿಸಬೇಕು, ಇದೂ ಅದೇ 52ನೇ ಕಲಂನಲ್ಲಿದೆ. ಇನ್ಸ್‌ಪೆಕ್ಟರ್ ಇಂಜಿನ್ ನಂಬರ್ ನೋಡಿ, ಅಚ್ಚು ತೆಗೆದುಕೊಂಡು, ಆರ್‌ಸಿಯಲ್ಲಿ ಹೊಸ ನಂಬರ್ ಸೇರಿಸಿದರು. ಆಮೇಲೆ ಇನ್ಶೂರೆನ್ಸ್ ಕಂಪನಿಗೆ ಬರೆದು ಪಾಲಿಸಿಯಲ್ಲೂ ನಂಬರ್ ತಿದ್ದಿಸಿದೆ. ಹದಿನೈದು ವರ್ಷ ದಾಟಿದ ಕಾರಿಗೆ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಆಗಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕ 600ರಿಂದ 5,000ಕ್ಕೆ ಏರಿತ್ತು, ನಾವು 2023ರಲ್ಲಿ ಅಷ್ಟು ಕಟ್ಟಿದ್ದೇವೆ. ಮುಂದಿನ ಸಲ ಕಾರು ತಪಾಸಣೆಗೆ ನಿಂತಾಗ ಇಂಜಿನ್ ನಂಬರ್ ಹೊಂದದೆ ಹೋದರೆ ಏನು ಗತಿ ಯೋಚಿಸಿ.

ಕೂರಿಸುವ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಅದು ಅವರಿಗೆ ಅಂಗೈ ಗೆರೆಯಷ್ಟು ಪರಿಚಯ. ಒಂದು ಮಾತು ಮಾತ್ರ. ಇಂಜಿನ್ ಹೊರಗೆ ಚೈನ್ ಬ್ಲಾಕ್‌ನಲ್ಲಿ ತೂಗಾಡುವಾಗಲೇ ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್, ಥರ್ಮೋಸ್ಟಾಟ್, ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್, ಕ್ಲಚ್ ಸೆಟ್ ಎಲ್ಲ ಹೊಸದು ಹಾಕಿಸಿದರು. ಇವು ಒಳಗೆ ಹೋದ ಮೇಲೆ ಬದಲಿಸಬೇಕೆಂದರೆ ಲೇಬರ್ ಎರಡರಷ್ಟು. ರೇಡಿಯೇಟರ್ ಬಿಚ್ಚಿ ತೊಳೆಸಿದರು, ಎಲ್ಲ ಹೋಸ್ ಹೊಸದು. ಪೆಟ್ರೋಲ್ ಪೈಪಿನ ರಬ್ಬರೂ ಬದಲಿಸಿದರು. ಈಗ ಬಂಕಿನಲ್ಲಿ ಬರುವುದು ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್, ಅದಕ್ಕೆ ಹಳೇ ಕಾರಿನ ರಬ್ಬರ್ ಬೇಗ ಹಾಳಾಗುತ್ತದೆ. ಇದು ಕಾಗದದಲ್ಲಿ ಮೊದಲೇ ಇತ್ತು, ಕೊನೆಗೆ ಸೇರಿಸಿದ ಖರ್ಚಲ್ಲ.

ಈಗ ಸರಿ ಬರದ ವಿಷಯಗಳು. ಕಾಗದದಲ್ಲಿ ಇಲ್ಲದ ಒಂದು ಖರ್ಚು ಬಂತು. ಇಂಜಿನ್ ಎತ್ತುವಾಗ ಎಸಿ ಪೈಪ್ ಬಿಚ್ಚಿದರು, ಗ್ಯಾಸ್ ಹೋಯಿತು, ಮತ್ತೆ ತುಂಬಿಸಬೇಕಾಯಿತು. ಕಂಪ್ರೆಸರನ್ನು ಪೈಪ್ ಸಮೇತ ಬದಿಗೆ ಕಟ್ಟಿಟ್ಟು ಇಂಜಿನ್ ಎತ್ತಬಹುದಿತ್ತಲ್ಲ ಎಂದು ಕೇಳಿದೆ. ಹಳೇ ಪೈಪ್, ಎಳೆದಾಡಿದರೆ ಒಡೆಯುತ್ತಿತ್ತು ಎಂದರು. ಇರಬಹುದು. ಆದರೆ ಅಷ್ಟು ಗೊತ್ತಿದ್ದವರು ಮೊದಲೇ ಬರೆಯಬೇಕಿತ್ತು ಎಂದು ನಾನೂ ಬಿಡಲಿಲ್ಲ. ಅರ್ಧ ದುಡ್ಡು ಅವರು ಹಾಕಿಕೊಂಡರು.

ಹೇಳಿದ ದಿನಕ್ಕೆ ಕಾರು ಸಿಗಲಿಲ್ಲ. "ನಾಳೆ ಬರ್ರಿ" ಎನ್ನುವುದು ಈ ಮೇಸ್ತ್ರಿಗೂ ಇದೆ. ಮಗ ಒಬ್ಬನೇ ಸಹಾಯಕ್ಕೆ, ಅವನು ಸಾಮಾನು ತರಲು ಹೋದರೆ ಕೆಲಸ ನಿಲ್ಲುತ್ತದೆ. ಫೋನ್ ಎತ್ತುವುದಿಲ್ಲ, ಎತ್ತಿದರೂ ಹಿಂದೆ ಸುತ್ತಿಗೆ ಸದ್ದು. ನಿಜವಾಗಿ ಏನಾಗಿದೆ ಎಂದು ತಿಳಿಯಬೇಕಾದರೆ ಹೋಗಿಯೇ ನೋಡಬೇಕು. ಆ ದಿನಗಳಲ್ಲಿ ನಾನು ಬಸ್ಸಿನಲ್ಲಿ ಕಾಲೇಜಿಗೆ ಓಡಾಡಿದೆ. ದಿನಾ ಕಾರು ಬೇಕೇ ಬೇಕು ಎನ್ನುವವರು ಬೇರೆ ವ್ಯವಸ್ಥೆ ಮಾಡಿಕೊಂಡೇ ಇಲ್ಲಿಗೆ ಕೊಡಿ. ಕೂರಲು ಒಂದು ಸ್ಟೂಲ್ ಇದೆ, ಅಷ್ಟೇ. ಕಾಯುವ ಹೊತ್ತಿಗೆ ಎದುರಿನ ಗಾಡಿಯ ಮಂಡಕ್ಕಿ, ಮಿರ್ಚಿ ಚೆನ್ನಾಗಿರುತ್ತದೆ.

ಬಿಲ್ ಕೂಡ ಅದೇ ನೋಟ್‌ಬುಕ್ ಹಾಳೆಯಲ್ಲಿ. ಬಿಡಿಭಾಗಗಳ ಅಂಗಡಿ ಬಿಲ್ ಎಲ್ಲವನ್ನೂ ಪಿನ್ ಹೊಡೆದು ಕೊಟ್ಟರು, ಹಳೇ ಸಾಮಾನನ್ನು ಒಂದು ಗೋಣಿಚೀಲದಲ್ಲಿ ಹಾಕಿ ಡಿಕ್ಕಿಯಲ್ಲಿಟ್ಟರು. ಎಲ್ಲ ಸೇರಿ ಅರವತ್ತು ಸಾವಿರಕ್ಕೆ ಸ್ವಲ್ಪ ಕಡಿಮೆ ಆಯಿತು. ಅದರಲ್ಲಿ ಮೇಸ್ತ್ರಿ ಲೇಬರ್ ಹನ್ನೆರಡು ಸಾವಿರ. ಈ ಹಣಕ್ಕೆ ಇನ್ನೊಂದು ಹಳೇ ಕಾರೇ ಬರುತ್ತಿತ್ತು ಎಂದು ಹಲವರು ಹೇಳಿದರು. ಬರುತ್ತಿತ್ತು, ಆದರೆ ಅದರ ಒಳಗೆ ಏನಿದೆ ಎಂದು ಯಾರು ಗೇಜ್ ಹಾಕಿ ತೋರಿಸುತ್ತಿದ್ದರು? ನನ್ನ ಕಾರಿನಲ್ಲಿ ಈಗ ಪ್ರತಿ ಸಿಲಿಂಡರಿನ ಒತ್ತಡ ಎಷ್ಟು, ಬೆಲ್ಟ್ ಯಾವತ್ತು ಹಾಕಿದ್ದು ಎಂದು ನನಗೆ ಗೊತ್ತು.

ಕಾರು ಈಗ ಬೆಳಗಿನ ತಂಪಿನಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಹೆಬ್ಬಾಳು ಟೋಲ್ ದಾಟಿ ಎಂಬತ್ತರಲ್ಲಿ ಹೋಗುವಾಗ ಸ್ಟೀರಿಂಗ್‌ನಲ್ಲಿ ನಡುಕ ಇಲ್ಲ. ಚಿತ್ರದುರ್ಗದವರೆಗೆ ಎಸಿ ಹಾಕಿಕೊಂಡೇ ಹೋಗಿಬಂದೆ, ಮುಳ್ಳು ಅರ್ಧಕ್ಕಿಂತ ಕೆಳಗೇ ನಿಂತಿತ್ತು. ಲಾರಿ ದಾಟಿಸಲು ಮೂರನೇ ಗೇರಿಗೆ ಇಳಿಸಿ ಚೆನ್ನಾಗಿ ತಿರುಗಿಸಬೇಕು. ಝೆನ್ ಇರುವುದೇ ಹಾಗೆ, ಅದರ ಸದ್ದು ನನಗೆ ಇಷ್ಟ.

ಹೋಗುವವರಿಗೆ ನಾಲ್ಕು ಮಾತು. ಮಾರುತಿ 800, ಆಲ್ಟೊ, ಝೆನ್, ಎಸ್ಟೀಮ್, ಓಮ್ನಿ ಬಿಟ್ಟು ಬೇರೆ ಕಾರು ಅವರು ಮುಟ್ಟುವುದಿಲ್ಲ, ಡೀಸೆಲ್ ಅಂತೂ ಇಲ್ಲವೇ ಇಲ್ಲ. ಬೆಳಗ್ಗೆ ಹತ್ತರ ಒಳಗೆ ಹೋದರೆ ಮಾತಿಗೆ ಸಿಗುತ್ತಾರೆ. ಆರ್‌ಸಿ, ಇನ್ಶೂರೆನ್ಸ್ ನಕಲು ಜೊತೆಗೆ ಒಯ್ಯಿರಿ, ಅದನ್ನು ನೋಡದೆ ಇಂಜಿನ್ ಬದಲಿಸುವ ಮಾತನ್ನೇ ಅವರು ಆಡುವುದಿಲ್ಲ. ಕಾರಿನ ಮೇಲೆ ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ ಮೊದಲೇ ಮಾಡಿಸಿಕೊಳ್ಳಿ. ಸಾವಿರ ರೂಪಾಯಿ ನಗದು ಇರಲಿ, ಕಾರ್ಡ್ ನಡೆಯುವುದಿಲ್ಲ. ಎಸಿ ಇರುವ ಕಾರಾದರೆ ಗ್ಯಾಸ್ ಖರ್ಚು ಯಾರದು ಎಂದು ಆ ಕಾಗದದಲ್ಲೇ ಬರೆಸಿಕೊಳ್ಳಿ.